ಅಪ್ಪ ಅಮ್ಮನ ಜೊತೆ ಸಪ್ಪೊರೊ ಹಿಮ ಹಬ್ಬ: ಹೋಗಿ ಬಂದವರ ಅನುಭವ

ಪ್ರಶ್ನೆ: ಫೆಬ್ರವರಿಯಲ್ಲಿ ಅಪ್ಪ ಅಮ್ಮನನ್ನು ಜಪಾನಿನ ಸಪ್ಪೊರೊ ಹಿಮ ಹಬ್ಬಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಇಬ್ಬರೂ ಅರವತ್ತು ದಾಟಿದವರು, ದಾವಣಗೆರೆಯ ಚಳಿ ಬಿಟ್ಟು ಬೇರೆ ಕಂಡವರಲ್ಲ. ಅಮ್ಮನಿಗೆ ಮಂಡಿ ನೋವು. ಶುದ್ಧ ಸಸ್ಯಾಹಾರಿಗಳು. ಆಗುತ್ತಾ? ಹೋಗಿ ಬಂದವರು ಹೇಳಿ.

ಟೋಕಿಯೊದಿಂದ: ಖಂಡಿತ ಆಗುತ್ತೆ. ನಾನು ಅತ್ತೆ ಮಾವನ ಜೊತೆ ಹೋಗಿದ್ದೆ. ಚಳಿ ಸೊನ್ನೆಯಿಂದ ಮೈನಸ್ 7ರ ಆಸುಪಾಸು. ಥರ್ಮಲ್, ಸ್ವೆಟರ್, ಜಾಕೆಟ್ ಅಂತ ಒಂದರ ಮೇಲೊಂದು ಹಾಕಿಕೊಂಡರೆ ತಡೆಯಬಹುದು. ಜೇಬಿನಲ್ಲಿಡುವ ಬಿಸಿ ಪೊಟ್ಟಣ, 'ಕೈರೊ', ಅಲ್ಲಿನ ಅಂಗಡಿಗಳಲ್ಲೇ ಸಿಗುತ್ತೆ.

ಚಳಿಗಿಂತ ಜಾಸ್ತಿ ಹೆದರಬೇಕಾದ್ದು ನೆಲಕ್ಕೆ. ಹೊಸ ಹಿಮದಲ್ಲಿ ತೊಂದರೆ ಇಲ್ಲ, ಕರಕರ ಅಂತ ಕಾಲು ಕಚ್ಚಿಕೊಳ್ಳುತ್ತೆ. ರಸ್ತೆ ದಾಟುವ ಜಾಗದಲ್ಲೇ ಕಷ್ಟ. ಕಾರಿನ ಚಕ್ರ ಉಜ್ಜಿ ಉಜ್ಜಿ ಅಲ್ಲಿನ ಹಿಮ ಪಾಲಿಶ್ ಮಾಡಿದ ಗ್ರಾನೈಟ್ ಥರ ಆಗಿರುತ್ತೆ. ನಮ್ಮ ಅತ್ತೆ ಜಾರಿದ್ದು ಅಲ್ಲೇ. ಪುಣ್ಯಕ್ಕೆ ಮಾವ ಕೈ ಹಿಡಿದಿದ್ದರು. ಆಮೇಲೆ ಗಮನಿಸಿದೆ: ರಸ್ತೆ ಮೂಲೆಗಳಲ್ಲಿ ಪೆಟ್ಟಿಗೆ ಇಟ್ಟಿರುತ್ತಾರೆ, ಒಳಗೆ ಸಣ್ಣ ಜಲ್ಲಿಯ ಚೀಲ. ಯಾರು ಬೇಕಾದರೂ ತೆಗೆದು ನೆಲಕ್ಕೆ ಚೆಲ್ಲಬಹುದು. ಶೂಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಮೊದಲ ದಿನವೇ ಕೊಳ್ಳಿ. ಪಾದ ಪೂರ್ತಿ ಊರಿ ಸಣ್ಣ ಹೆಜ್ಜೆ ಇಡಲು ಅಮ್ಮನಿಗೆ ಹೇಳಿ.

ಸಪ್ಪೊರೊ ಸ್ಟೇಷನ್‌ನಿಂದ ಹಬ್ಬದ ಮುಖ್ಯ ಜಾಗವಾದ ಓದೊರಿವರೆಗೆ ನೆಲದಡಿಯಲ್ಲೇ ಬೆಚ್ಚಗಿನ ದಾರಿ ಇದೆ, ಅಲ್ಲಿಂದ ಹಬ್ಬದ ಇನ್ನೊಂದು ಜಾಗ ಸುಸುಕಿನೊವರೆಗೂ ಹಾಗೇ ಹೋಗಬಹುದು. ಮೇಲೆ ಬರಲು ಲಿಫ್ಟ್ ಇರುವ ಬಾಗಿಲು ಯಾವುದು ಅಂತ ಮೊದಲೇ ನೋಡಿಕೊಳ್ಳಿ. ಓದೊರಿ ಹತ್ತಿರವೇ ರೂಮ್ ಮಾಡಿ, ಈಗಲೇ. ಆ ವಾರ ಊರು ತುಂಬಿರುತ್ತೆ.

ಮೈಸೂರಿನಿಂದ: ಓದೊರಿ ಪಾರ್ಕ್ ಸುಮಾರು ಒಂದೂವರೆ ಕಿಲೋಮೀಟರ್ ಉದ್ದ. ಒಂದೇ ಸಲಕ್ಕೆ ಮುಗಿಸಬೇಡಿ. ಬೆಳಗ್ಗೆ ಸ್ವಲ್ಪ, ದೀಪ ಹಾಕಿದ ಮೇಲೆ ಸ್ವಲ್ಪ ನೋಡಿ. 1950ರಲ್ಲಿ ಶಾಲಾ ಮಕ್ಕಳು ಇದೇ ಪಾರ್ಕಿನಲ್ಲಿ ಆರು ಹಿಮದ ಮೂರ್ತಿ ಮಾಡಿದ್ದರು, ಹಬ್ಬ ಶುರುವಾಗಿದ್ದೇ ಹಾಗೆ. ಈಗ 15 ಮೀಟರ್ ಎತ್ತರದವೂ ಇರುತ್ತವೆ. ಸೈನಿಕರು ಕೂಡ ಕಟ್ಟುತ್ತಾರೆ, ಊರ ಹೊರಗಿನಿಂದ ಲಾರಿಯಲ್ಲಿ ಹಿಮ ತರುತ್ತಾರೆ.

ಆದರೆ ನನಗೆ ಮನಸ್ಸಿಗೆ ಹತ್ತಿದ್ದು ಊರಿನ ಜನ ಮಾಡುವ ಚಿಕ್ಕ ಮೂರ್ತಿಗಳು, ಆಳಿಗಿಂತ ಸ್ವಲ್ಪ ಎತ್ತರ, ಅಷ್ಟೇ. ರಾತ್ರಿ ಹಿಮ ಬಿದ್ದಿತ್ತು. ಬೆಳಗ್ಗೆ ಒಬ್ಬ ಅಜ್ಜ ಹಿಮದ ಬೆಕ್ಕಿನ ಕಣ್ಣಿನ ಮೇಲೆ ಕೂತಿದ್ದ ಪುಡಿಯನ್ನು ಬ್ರಷ್‌ನಿಂದ ಮೆಲ್ಲಗೆ ತೆಗೆಯುತ್ತಿದ್ದರು. ಅದನ್ನೇ ನೋಡುತ್ತಾ ನಿಂತುಬಿಟ್ಟೆ.

ಸುಸುಕಿನೊದ್ದು ಮಂಜುಗಡ್ಡೆ ಶಿಲ್ಪ. ಕೆಲವದರ ಒಳಗೆ ನಿಜವಾದ ಮೀನು, ಏಡಿ ಇರುತ್ತೆ, ಅಪ್ಪ ಅಮ್ಮನಿಗೆ ಮೊದಲೇ ಹೇಳಿಬಿಡಿ. ಹಬ್ಬದ ಮೂರನೇ ಜಾಗ, ಜಾರುಬಂಡೆ ಇರುವ ತ್ಸುದೋಮು, ಮಕ್ಕಳಿದ್ದರೆ ಮಾತ್ರ.

ಬೆಂಗಳೂರಿನಿಂದ: ಊಟದ ವಿಷಯ. ಅಲ್ಲಿನ ನೂಡಲ್ಸ್ ಊಟ ಮಿಸೊ ರಾಮೆನ್‌ನ ಸಾರಿಗೆ ಸಾಮಾನ್ಯವಾಗಿ ಹಂದಿ ಮೂಳೆ ಬಳಸುತ್ತಾರೆ. ತೆಳ್ಳಗಿನ ಸಾರಿನಂಥ ಸೂಪ್ ಕರಿ, ತರಕಾರಿಯದ್ದು ಅಂದರೂ ಸಾರು ಕೋಳಿಯದ್ದಿರಬಹುದು. ತರಕಾರಿ ಇದೆಯಾ ಅಂತಲ್ಲ, ಸಾರು ಯಾವುದರದ್ದು ಅಂತ ಕೇಳಬೇಕು. ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಅವಲಕ್ಕಿ ಪ್ಯಾಕೆಟ್ ಒಯ್ಯಿರಿ. ರೂಮಿನಲ್ಲಿ ಕೆಟಲ್ ಇರುತ್ತೆ. ಚಳಿಯಲ್ಲಿ ಸುತ್ತಿ ಬಂದವರಿಗೆ ಆ ಬಿಸಿ ಉಪ್ಪಿಟ್ಟೇ ಸಾಕು.

ಟೋಕಿಯೊದಿಂದ, ಮತ್ತೆ: ಒಂದು ಬಿಟ್ಟುಹೋಗಿತ್ತು. ಹಬ್ಬ ಸುಮಾರು ಒಂದು ವಾರ ಮಾತ್ರ. ಮುಗಿಯುತ್ತಿದ್ದಂತೆ ಜೆಸಿಬಿ ತಂದು ಎಲ್ಲವನ್ನೂ ಕೆಡವುತ್ತಾರೆ. ತಾರೀಖು ನೋಡಿಕೊಂಡೇ ಟಿಕೆಟ್ ಮಾಡಿ.