ಸೊಂಟದ ಕೀಲು ಸವೆತಕ್ಕೆ ಜೀನ್ ಪರೀಕ್ಷೆ ಮಾಡಿಸಬೇಕೇ?

ಪ್ರಶ್ನೆ: ಅಮ್ಮನಿಗೆ 52ಕ್ಕೇ ಸೊಂಟದ ಕೀಲು ಬದಲಿಸಬೇಕಾಯಿತು. ಅಜ್ಜಿಯೂ ಕುಂಟುತ್ತಿದ್ದರು. ನಾನು ದಿನವಿಡೀ ನಿಂತು ಪಾಠ ಮಾಡುವವಳು. ಜೊಲ್ಲಿನ ಮಾದರಿ ಕಳುಹಿಸಿದರೆ ಅಪಾಯ ತಿಳಿಸುತ್ತಾರಂತೆ. ಮಾಡಿಸಲೇ?

ಉತ್ತರ: ಮೇಡಂ, ನಾನು ಫಿಸಿಯೋಥೆರಪಿಸ್ಟ್. ಈಗ ಬೇಡ ಎನ್ನುತ್ತೇನೆ. ವಂಶದ ಪಾಲು ದೊಡ್ಡದು ನಿಜ. ಬ್ರಿಟನ್ನಿನ ಅವಳಿ ಮಹಿಳೆಯರ ಅಧ್ಯಯನ ಅದನ್ನು ಸುಮಾರು 60% ಎಂದಿತ್ತು. ಆದರೆ ಜಿಡಿಎಫ್5ರಂತಹ ಅನೇಕ ಜೀನುಗಳು ಒಂದೊಂದೂ ಚೂರು ಅಪಾಯವನ್ನಷ್ಟೇ ಸೇರಿಸುತ್ತವೆ. ಆ ಲೆಕ್ಕವೂ ಬಹುಪಾಲು ಯುರೋಪಿಯನ್ನರ ಮಾಹಿತಿಯದು. ಅಮ್ಮನ ಹಳೆಯ ಎಕ್ಸ್‌ರೇ ಹುಡುಕಿ: ಕೀಲಿನ ಗುಂಡಿಯ ಆಳ ಹುಟ್ಟಿನಿಂದಲೇ ಕಡಿಮೆ ಇತ್ತೇ? ಅದು ಹೆಚ್ಚು ಹೇಳುತ್ತದೆ.

ಉತ್ತರ: ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಕಾಣುವ, ವಂಶದಲ್ಲಿ ಬರುವ ಮೂಳೆ-ಕೀಲುಗಳ ರೋಗವಾದ ಹಂದಿಗೋಡು ಕಾಯಿಲೆಯೊಂದಿಗೆ ಇದನ್ನು ಬೆರೆಸಬೇಡಿ. ಅದು ತಂದೆ ಅಥವಾ ತಾಯಿಗಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ.

ಪ್ರಶ್ನೆ ಕೇಳಿದವರು: ಎಕ್ಸ್‌ರೇ ಅಟ್ಟದಲ್ಲಿದೆ. ತೊಡೆಸಂದಿಯ ನೋವನ್ನೂ ಮೂಳೆ ವೈದ್ಯರಿಗೆ ಹೇಳುತ್ತೇನೆ.