ಯುದ್ಧ ಸ್ಮಾರಕವನ್ನು ನೋಡಿಬಂದ ವಿದ್ಯಾರ್ಥಿಗಳಿಂದ ಸ್ವಂತ ಆಲೋಚನೆಯ ಪ್ರಬಂಧ ಬರೆಸುವುದು ಹೇಗೆ?

ಪ್ರಶ್ನೆ: ಪ್ರೌಢಶಾಲೆಯ ಭಾಷಾ ಶಿಕ್ಷಕಿ

ನಮಸ್ಕಾರ. ಒಂಬತ್ತನೆಯ ತರಗತಿಯ ಮಕ್ಕಳನ್ನು ಯುದ್ಧ ಸ್ಮಾರಕವೊಂದಕ್ಕೆ ಕರೆದೊಯ್ದು, ಅಲ್ಲಿ ಕಂಡದ್ದನ್ನು ಆಧರಿಸಿ ಪ್ರಬಂಧ ಬರೆಸಬೇಕೆಂದಿದ್ದೇನೆ. ಇಂತಹ ವಿಷಯ ಕೊಟ್ಟಾಗಲೆಲ್ಲ ಅವರು ‘ನಾಡಿಗಾಗಿ ಪ್ರಾಣ ತೆತ್ತ ವೀರರಿಗೆ ನಮನ’ ಎಂಬ ಒಂದೇ ಧಾಟಿಯಲ್ಲಿ ಬರೆಯುತ್ತಾರೆ. ಆ ಭಾವನೆ ಪ್ರಾಮಾಣಿಕವಾದದ್ದೇ. ಆದರೆ ಸ್ಮಾರಕದ ಹತ್ತಿರ ಹೋಗದೆಯೂ ಅಂತಹ ಪ್ರಬಂಧವನ್ನು ಬರೆಯಬಹುದು. ಮಡಿದವರ ಮೇಲಿನ ಗೌರವಕ್ಕೆ ಕುಂದು ಬಾರದಂತೆ, ಮಕ್ಕಳು ತಾವೇ ನೋಡಿ ಯೋಚಿಸಿ ಬರೆಯಬೇಕಾದರೆ ಯಾವ ಪ್ರಶ್ನೆಗಳಿಂದ ಆರಂಭಿಸಬೇಕು?

ಉತ್ತರ: ಇತಿಹಾಸ ಶಿಕ್ಷಕರು

ಮೇಡಂ, ‘ನಿಮಗೆ ಏನನ್ನಿಸಿತು’ ಎಂಬ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಸ್ಮಾರಕವನ್ನು ರೂಪಿಸಿದವರು ಏನೇನು ತೀರ್ಮಾನಿಸಿದರು ಎಂಬುದನ್ನು ಮಕ್ಕಳು ಮೊದಲು ಕಂಡುಕೊಳ್ಳಲಿ. ಹೆಸರುಗಳನ್ನು ಯಾವ ಕ್ರಮದಲ್ಲಿ ಕೆತ್ತಿದ್ದಾರೆ, ಹುದ್ದೆಯನ್ನು ನಮೂದಿಸಿದ್ದಾರೆಯೇ, ನೋಡುವವರು ತಲೆಯೆತ್ತಬೇಕೋ ತಲೆತಗ್ಗಿಸಬೇಕೋ, ಎಲ್ಲಿಂದ ನಡೆಯಲು ತೊಡಗಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಕಲ್ಲಿನಲ್ಲೇ ಇರುತ್ತದೆ. ಪಠ್ಯಪುಸ್ತಕದ ನೆರವು ಬೇಕಾಗುವುದಿಲ್ಲ.

ಹೋಲಿಕೆಗೆ ವಾಷಿಂಗ್ಟನ್‌ನ ವಿಯೆಟ್ನಾಂ ಯುದ್ಧ ಸ್ಮಾರಕದ ಚಿತ್ರಗಳನ್ನು ಮುಂಚಿತವಾಗಿ ತೋರಿಸಬಹುದು. 1982ರಲ್ಲಿ ಪೂರ್ಣಗೊಂಡ ಇದರ ವಿನ್ಯಾಸವನ್ನು ಮಾಯಾ ಲಿನ್ ರಚಿಸಿದಾಗ ಆಕೆ ಇನ್ನೂ ವಿದ್ಯಾರ್ಥಿನಿ. ನುಣುಪಾದ ಕಪ್ಪು ಗ್ರಾನೈಟ್ ಗೋಡೆಗಳ ಮೇಲೆ 58,000ಕ್ಕೂ ಹೆಚ್ಚು ಹೆಸರುಗಳಿವೆ. ಹುದ್ದೆಯ ಉಲ್ಲೇಖವಿಲ್ಲ, ಅಕಾರಾದಿ ಕ್ರಮವೂ ಇಲ್ಲ. ಸಾವು ಸಂಭವಿಸಿದ ದಿನಾಂಕದ ಕ್ರಮದಲ್ಲಿ ಎರಡು ಗೋಡೆಗಳು ಕೂಡುವ ಮೂಲೆಯಿಂದ ಹೊರಟ ಹೆಸರುಗಳು ಒಂದು ತುದಿಯನ್ನು ಮುಟ್ಟಿ, ಇನ್ನೊಂದು ತುದಿಯಿಂದ ಮುಂದುವರಿದು ಅದೇ ಮೂಲೆಗೆ ಬಂದು ನಿಲ್ಲುವುದರಿಂದ, ಯುದ್ಧದ ಮೊದಲ ಸಾವುಗಳೂ ಕೊನೆಯ ಸಾವುಗಳೂ ಅಕ್ಕಪಕ್ಕದಲ್ಲಿವೆ. ಒಟ್ಟಿಗೆ ಮಡಿದವರ ಹೆಸರುಗಳು ಒಟ್ಟಿಗೇ ಉಳಿಯುತ್ತವೆ. ಆದರೆ ಒಬ್ಬರ ಹೆಸರನ್ನು ಹುಡುಕಲು ಬಂದವರಿಗೆ ಸೂಚಿಯ ನೆರವು ಬೇಕಾಗುತ್ತದೆ. ಈ ಲಾಭನಷ್ಟವೊಂದೇ ಒಳ್ಳೆಯ ಪ್ರಬಂಧಕ್ಕೆ ಸಾಕಾದ ವಿಷಯ.

ದೆಹಲಿಯಲ್ಲಿ 2019ರ ಫೆಬ್ರವರಿಯಲ್ಲಿ ಲೋಕಾರ್ಪಣೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ಕಲ್ಪನೆ ಬೇರೆ. ಅಲ್ಲಿ ಒಂದರೊಳಗೊಂದು ವೃತ್ತಗಳಿದ್ದು, ನಡುವೆ ಅಮರ ಚಕ್ರದ ಜ್ಯೋತಿಯಿದೆ. ತ್ಯಾಗ ಚಕ್ರವೆಂಬ ವೃತ್ತದ ಗೋಡೆಗಳಲ್ಲಿ ಯೋಧರ ಹೆಸರುಗಳನ್ನು ಕೆತ್ತಿದ ಗ್ರಾನೈಟ್ ಫಲಕಗಳಿವೆ. ಎರಡರಲ್ಲಿ ಯಾವುದು ಮೇಲು ಎಂದು ಮಾತ್ರ ಕೇಳಬೇಡಿ. ಮೂಲೆಯಲ್ಲಿ ಮುಗಿಯುವ ಗೋಡೆಯ ಬಳಿ ನಡೆಯುವುದಕ್ಕೂ ವೃತ್ತದೊಳಗೆ ಸುತ್ತುವುದಕ್ಕೂ ಏನು ವ್ಯತ್ಯಾಸ ಎಂದು ಕೇಳಿ.

ಉತ್ತರ: ಸಂಶೋಧನಾ ವಿದ್ಯಾರ್ಥಿ

ಮೇಲಿನ ಮಾತಿಗೆ ಒಂದು ಪ್ರಶ್ನೆಯನ್ನು ಸೇರಿಸುತ್ತೇನೆ: ಇಲ್ಲಿ ಯಾರ ಹೆಸರಿಲ್ಲ? ಮೊದಲ ಮಹಾಯುದ್ಧದಲ್ಲಿ ಮಡಿದವರ ಸಮಾಧಿಗಳನ್ನು ನೋಡಿಕೊಳ್ಳಲು 1917ರಲ್ಲಿ ಬ್ರಿಟಿಷ್ ಸಾಮ್ರಾಜ್ಯವು ಸ್ಥಾಪಿಸಿದ ಆಯೋಗವು, ಅಧಿಕಾರಿಗೂ ಸಾಮಾನ್ಯ ಸೈನಿಕನಿಗೂ ಸ್ಮರಣೆಯಲ್ಲಿ ಭೇದವಿರಬಾರದೆಂಬ ತತ್ವವನ್ನು ಇಟ್ಟುಕೊಂಡಿತ್ತು. ಅದೇ ಸಂಸ್ಥೆ 2021ರಲ್ಲಿ ಪ್ರಕಟಿಸಿದ ವರದಿಯು, ಆಫ್ರಿಕಾ ಮತ್ತು ಮಧ್ಯಪ್ರಾಚ್ಯದ ರಣರಂಗಗಳಲ್ಲಿ ಮಡಿದ ಕನಿಷ್ಠ 1,16,000 ಮಂದಿಯ, ಬಹುಶಃ 3,50,000ದವರೆಗಿನವರ, ಹೆಸರುಗಳು ಯಾವ ಸ್ಮಾರಕದಲ್ಲೂ ಇಲ್ಲ ಅಥವಾ ಅವರ ಸ್ಮರಣೆಯೇ ನಡೆದಿಲ್ಲ ಎಂದು ಒಪ್ಪಿಕೊಂಡಿತು. ಇವರಲ್ಲಿ ಬಹುಪಾಲು ಜನ ಆಫ್ರಿಕಾದವರು ಮತ್ತು ಮಧ್ಯಪ್ರಾಚ್ಯದವರು. ಅವರಲ್ಲಿ ಸೈನ್ಯದ ಸರಂಜಾಮಿನ ಹೊರೆ ಹೊತ್ತ ಕೂಲಿಗಳ ಸಂಖ್ಯೆ ದೊಡ್ಡದು.

ಈ ಸಂಗತಿಯನ್ನು ತಿಳಿದ ವಿದ್ಯಾರ್ಥಿಯು ತನ್ನ ಎದುರಿನ ಸ್ಮಾರಕದಲ್ಲಿ ಅಡುಗೆಯವರು, ದಾದಿಯರು, ಕೂಲಿಗಳು, ಯುದ್ಧದಲ್ಲಿ ಸತ್ತ ನಾಗರಿಕರು ಎಲ್ಲಿದ್ದಾರೆಂದು ಹುಡುಕತೊಡಗುತ್ತಾನೆ. ಹೀಗೆ ಹುಡುಕುವುದು ಕೆತ್ತಿದ ಹೆಸರುಗಳಿಗೆ ಅಗೌರವವಲ್ಲ. ಆ ಗೌರವಕ್ಕೆ ಇನ್ನೂ ಯಾರು ಅರ್ಹರು ಎಂದು ಆತ ಕೇಳುತ್ತಿದ್ದಾನೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಟಿಪ್ಪಣಿಯಿಂದ ಪ್ರಬಂಧಕ್ಕೆ ದಾಟುವ ಹಂತದ ಬಗ್ಗೆ ನನಗೆ ಇನ್ನೂ ಗೊಂದಲವಿದೆ. ಸೈನಿಕನಾಗಿ ತನ್ನನ್ನು ಕಲ್ಪಿಸಿಕೊಂಡು ಮನೆಗೆ ಪತ್ರ ಬರೆಯುವ ಚಟುವಟಿಕೆಯನ್ನು ಕೊಡಬಹುದೇ?

ಉತ್ತರ: ನಿವೃತ್ತ ಉಪನ್ಯಾಸಕಿ

ಬೇಡವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಯುದ್ಧವನ್ನು ಪರದೆಯ ಮೇಲಷ್ಟೇ ಕಂಡ ಮಗು ಆ ಪತ್ರವನ್ನು ಸಿನಿಮಾದ ಮಾತುಗಳಿಂದಲೇ ತುಂಬಿಸುತ್ತದೆ. ಸ್ಮಾರಕದ ಎದುರು ನಿಂತ ಇಂದಿನ ಓದುಗನಾಗಿಯೇ ಬರೆಯಲಿ. ಮೊದಲ ಪರಿಚ್ಛೇದದಲ್ಲಿ ‘ವೀರ’, ‘ತ್ಯಾಗ’, ‘ಅಮರ’ ಎಂಬ ಪದಗಳನ್ನು ಬಳಸದೆ ಕಂಡದ್ದನ್ನಷ್ಟೇ ವರ್ಣಿಸಬೇಕು. ಅನಂತರ, ತನ್ನನ್ನು ಕಾಡಿದ ಒಂದೇ ಒಂದು ವಿವರವನ್ನು ಹಿಡಿದು, ಅದು ಹಾಗೇಕಿದೆ ಎಂದು ವಾದಿಸಬೇಕು.

ಜರ್ಮನಿಯ ಕಲಾವಿದೆ ಕೇಟೆ ಕೋಲ್ವಿಟ್ಸ್ ಅವರ ಶಿಲ್ಪಗಳ ಚಿತ್ರವನ್ನೂ ತೋರಿಸಿ. ಅವರ ಮಗ ಪೀಟರ್ 1914ರ ಅಕ್ಟೋಬರ್‌ನಲ್ಲಿ ಹದಿನೆಂಟರ ವಯಸ್ಸಿನಲ್ಲಿ ಯುದ್ಧದಲ್ಲಿ ಸತ್ತ. ಅವನಿಗಾಗಿ ಆ ತಾಯಿ ವರ್ಷಗಟ್ಟಲೆ ಶ್ರಮಿಸಿ ರೂಪಿಸಿದ ಸ್ಮಾರಕವನ್ನು ಬೆಲ್ಜಿಯಂನ ಸೈನಿಕ ಸ್ಮಶಾನದಲ್ಲಿ ನಿಲ್ಲಿಸಿದ್ದು 1932ರಲ್ಲಿ. ಅದರಲ್ಲಿ ಸೈನಿಕನೂ ಇಲ್ಲ, ಆಯುಧವೂ ಇಲ್ಲ. ಮಂಡಿಯೂರಿದ ತಂದೆ ಮತ್ತು ತಾಯಿ ಮಾತ್ರ ಇದ್ದಾರೆ, ಅದೂ ಬೇರೆ ಬೇರೆ ಪೀಠಗಳ ಮೇಲೆ. ಇಬ್ಬರನ್ನು ಒಂದೇ ಪೀಠದ ಮೇಲೆ ಏಕೆ ಕೂರಿಸಲಿಲ್ಲ ಎಂದು ಕೇಳಿದರೆ, ಹೆಚ್ಚು ಮಾತನಾಡದ ಮಕ್ಕಳೂ ಉತ್ತರಿಸಲು ಮುಂದಾಗುತ್ತಾರೆ.

ಇನ್ನೊಂದು ಎಚ್ಚರಿಕೆ. ತರಗತಿಯಲ್ಲಿ ಸೈನಿಕರ ಮಕ್ಕಳಿರಬಹುದು, ಮನೆಯವರನ್ನು ಕಳೆದುಕೊಂಡವರೂ ಇರಬಹುದು. ಅಂಥವರೊಡನೆ ಭೇಟಿಗೆ ಮೊದಲೇ ಪ್ರತ್ಯೇಕವಾಗಿ ಮಾತನಾಡಿ. ಬರೆದುದನ್ನು ತರಗತಿಯಲ್ಲಿ ಓದಬೇಕೆಂಬ ಒತ್ತಾಯವನ್ನು ಯಾರ ಮೇಲೂ ಹೇರಬೇಡಿ.