ಎಲೆಕ್ಷನ್ ರಿಸಲ್ಟು, ಗಣಿ ಷೇರು, ನಮ್ಮ ಮನೆ ಗ್ರೂಪು

ಮೇ 30, 2024, ಗುರುವಾರ

ಕೊಪ್ಪ ಭಾವ: (ಫಾರ್ವರ್ಡ್) "ಜೂನ್ 4ರ ಒಳಗೆ ತಗೊಳ್ಳಿ!! ಸರ್ಕಾರ ವಾಪಸ್ ಬರೋದು ಗ್ಯಾರಂಟಿ. ಒಂದು ಸರ್ಕಾರಿ ಗಣಿ ಕಂಪನಿನ ದೊಡ್ಡ ಖಾಸಗಿ ಗ್ರೂಪ್ ಕೊಂಡುಕೊಳ್ಳೋದು ಫೈನಲ್. ರೇಟ್ ಡಬಲ್. ಹೆಸರಿಗೆ ಟೆಲಿಗ್ರಾಂ ಚಾನೆಲ್ ಸೇರಿ."

ಕೊಪ್ಪ ಭಾವ: ಹೆಸರು ನಂಗೆ ಸಿಕ್ಕಿದೆ, ಇಲ್ಲಿ ಹಾಕಲ್ಲ, ಬೇಕಾದವ್ರು ಫೋನ್ ಮಾಡಿ. ಮಂಡಿಯಿಂದ ಬಂದ ಅಡಿಕೆ ದುಡ್ಡು ಅಕೌಂಟಲ್ಲಿ ಸುಮ್ನೆ ಕೂತಿದೆ, ಔಷಧಿ ಹೊಡಿಯೋ ಖರ್ಚು ಬಿಟ್ಟು ಉಳಿದಿದ್ದೆಲ್ಲ ಹಾಕ್ತೀನಿ ಅಂತ ಇದೀನಿ

ತೀರ್ಥಳ್ಳಿ ಅತ್ತೆ: ನಿಮ್ಮ ಮಾವ ತಗೊಂಡಿಟ್ಟಿದ್ದ ಸೇಸಾ ಗೋವಾನೂ ಗಣಿ ಷೇರೇ ಅಲ್ವಾ. ಅದಕ್ಕೂ ಡಬಲ್ ಆಗ್ತದಾ

ನಾನು: ಭಾವ, ಹಾಕ್ಬೇಡಿ. ಅತ್ತೆ, ನಿಮ್ಮದು ಬೇರೆ ಕಂಪನಿ, ಅದು ಸರ್ಕಾರದ್ದಲ್ಲ, ಈಗ ಅದು ವೇದಾಂತ. ಆಮೇಲೆ ಬರೀತೀನಿ, ಆಫೀಸಲ್ಲಿ ಇದೀನಿ

ಕೊಪ್ಪ ಭಾವ: ಆಡಿಟರ್ ಆಫೀಸಿನವ್ರು ಯಾವಾಗ್ಲೂ ಬೇಡ ಅಂತಾನೇ ಹೇಳೋದು ಮಾರಾಯ್ತಿ. ಗವರ್ಮೆಂಟ್ ಗಟ್ಟಿಯಾಗಿ ಬಂದ್ರೆ ಸರ್ಕಾರಿ ಕಂಪನಿ ಮಾರ್ತಾರೆ, ಮಾರಿದ್ರೆ ತಗೊಂಡವ್ನು ಜಾಸ್ತಿ ರೇಟ್ ಕೊಡ್ಲೇಬೇಕು, ಸಿಂಪಲ್ ಲೆಕ್ಕ

ಭದ್ರಾವತಿ ದೊಡ್ಡಪ್ಪ: ಆ ಸಿಂಪಲ್ ಲೆಕ್ಕ ನಮ್ಮೂರಲ್ಲಿ ಕೂತು ನೋಡ್ಬೇಕು. 1918ರಲ್ಲಿ ಶುರು ಮಾಡಿದ ಭದ್ರಾವತಿ ಕಬ್ಬಿಣದ ಕಾರ್ಖಾನೆ, 1923ರಿಂದ ಕಬ್ಬಿಣ ತೆಗೆದಿದ್ದು, 1998ರಲ್ಲಿ ಸೈಲ್ ಅನ್ನೋ ಕೇಂದ್ರದ ಉಕ್ಕು ಕಂಪನಿ ಒಳಗೆ ಸೇರಿಸಿದ್ರು, 2016ರಲ್ಲಿ ಮಾರೋಕೆ ತಾತ್ವಿಕ ಒಪ್ಪಿಗೆ ಅಂದ್ರು, 2019ರಲ್ಲಿ ಕೊಳ್ಳೋರು ಬನ್ನಿ ಅಂತ ಜಾಹೀರಾತು ಕೊಟ್ರು, ಆಗೆಲ್ಲ ಊರಲ್ಲಿ ಟೀ ಅಂಗಡಿ ಅಂಗಡಿಯಲ್ಲೂ ಅವ್ರು ತಗೊಳ್ತಾರಂತೆ ಇವ್ರು ತಗೊಳ್ತಾರಂತೆ ಅನ್ನೋದೇ ಮಾತು, ಯಾವ ಹೆಸರು ಕೇಳಿಲ್ಲ ನಾನು, ಕೊನೆಗೆ 2022ರ ಅಕ್ಟೋಬರಲ್ಲಿ ಆ ಮಾರಾಟನೇ ಕೈಬಿಟ್ರು, 2023ರ ಜನವರಿಯಲ್ಲಿ ಮುಚ್ಚೋ ತೀರ್ಮಾನ ಬಂತು, ಗುತ್ತಿಗೆ ಹುಡುಗ್ರು ಗೇಟ್ ಮುಂದೆ ಧರಣಿ ಕೂತ್ರು, ಮೇ ತಿಂಗಳಲ್ಲಿ ವಿಧಾನಸಭೆ ಎಲೆಕ್ಷನ್ ಇತ್ತಲ್ಲ, ಉಳಿಸ್ತೀವಿ ಅನ್ನದೇ ಇದ್ದ ಪಕ್ಷ ಇಲ್ಲ, ಆಗಸ್ಟಲ್ಲಿ ಬಾರ್ ಮಿಲ್ ಒಂದು ಮತ್ತೆ ಓಡ್ತು. ಮಾರಾಟ ಆಗ್ತದೆ ಅಂತ ನಂಬಿ ದುಡ್ಡು ಹಾಕಿದವ್ನಿಗೆ ಇದ್ರಲ್ಲಿ ಯಾವ ತಿಂಗಳು ಲಾಭ ಬಂತು ಹೇಳಿ ನೋಡೋಣ

ಕೊಪ್ಪ ಭಾವ: ಮಾವ, ಅದು ನಷ್ಟದ ಯೂನಿಟ್ಟು, ಸ್ವಂತ ಗಣಿ ಇಲ್ಲ. ನಾನು ಹೇಳ್ತಿರೋದು ಅದಿರು ಇರೋ ಕಂಪನಿ

ಪರ್ತ್ ಅಣ್ಣ: ಭಾವ ಹೇಳೋದ್ರಲ್ಲಿ ಅರ್ಧ ಸತ್ಯ ಇದೆ, ಎಲೆಕ್ಷನ್‌ಗೂ ಗಣಿ ಷೇರಿಗೂ ಸಂಬಂಧ ಇದ್ದೇ ಇದೆ. ಇಲ್ಲಿ ಆಸ್ಟ್ರೇಲಿಯಾದಲ್ಲಿ 2010ರ ಮೇ 2ನೇ ತಾರೀಕು ಕೆವಿನ್ ರಡ್ ಸರ್ಕಾರ ಗಣಿ ಕಂಪನಿಗಳ ಸೂಪರ್ ಲಾಭದ ಮೇಲೆ 40 ಪರ್ಸೆಂಟ್ ಟ್ಯಾಕ್ಸ್ ಅಂತ ಅನೌನ್ಸ್ ಮಾಡ್ತು, ಷೇರು ಬಿತ್ತು, ಕಂಪನಿಗಳು ಟೀವಿ ತುಂಬ ಜಾಹೀರಾತು ಹಾಕಿದ್ವು, ಜೂನ್ 24ಕ್ಕೆ ರಡ್ ಪ್ರಧಾನಿ ಕುರ್ಚಿಯಿಂದಲೇ ಇಳಿದ್ರು. ಜೂಲಿಯಾ ಗಿಲಾರ್ಡ್ ಬಂದು ಟ್ಯಾಕ್ಸನ್ನ ಕಬ್ಬಿಣದ ಅದಿರು, ಕಲ್ಲಿದ್ದಲಿಗೆ ಮಾತ್ರ ಅಂತ ಮಾಡಿ 30 ಪರ್ಸೆಂಟಿಗೆ ಇಳಿಸಿದ್ರು, 2013ರ ಎಲೆಕ್ಷನ್ ಗೆದ್ದ ಟೋನಿ ಅಬಾಟ್ ಸರ್ಕಾರ 2014ರಲ್ಲಿ ಅದನ್ನೂ ತೆಗೆದುಹಾಕ್ತು. ಹಂಗಾಗಿ ವೋಟಿಗೂ ಅದಿರಿಗೂ ಸಂಬಂಧ ಇಲ್ಲ ಅಂತ ನಾನು ಹೇಳಲ್ಲ

ಕೊಪ್ಪ ಭಾವ: ನೋಡಿ! ಗಣಿಯಲ್ಲೇ ಕೆಲಸ ಮಾಡೋ ಇಂಜಿನಿಯರ್ ಹೇಳ್ತಿದಾರೆ

ಪರ್ತ್ ಅಣ್ಣ: ಪೂರ್ತಿ ಓದಿ ಭಾವ. ನಿನ್ನೆ ತಾನೆ ಏನಾಯ್ತು ಗೊತ್ತಾ. ಇಲ್ಲಿನ ದೊಡ್ಡ ಗಣಿ ಕಂಪನಿ ಬಿಎಚ್‌ಪಿ ಅವ್ರು ಆಂಗ್ಲೋ ಅಮೆರಿಕನ್ ಅನ್ನೋ ಇನ್ನೊಂದು ಗಣಿ ಕಂಪನಿನ ಕೊಂಡುಕೊಳ್ತೀವಿ ಅಂತ ಏಪ್ರಿಲ್‌ನಲ್ಲಿ ಹೊರಟಿದ್ದು, ಸುದ್ದಿ ಬಂದ ದಿನ ಆಂಗ್ಲೋ ಷೇರು 16 ಪರ್ಸೆಂಟ್ ಹತ್ರ ಏರ್ತು. ಜಾಸ್ತಿ ಮಾಡ್ತಾ ಮಾಡ್ತಾ ಮೂರು ಸಲ ಆಫರ್ ಕೊಟ್ರು, ಕೊನೇದು 3,860 ಕೋಟಿ ಪೌಂಡ್ ಹತ್ರ. ಆದ್ರೆ ಒಂದು ಷರತ್ತು, ದಕ್ಷಿಣ ಆಫ್ರಿಕಾದಲ್ಲಿರೋ ಪ್ಲಾಟಿನಂ ಕಂಪನಿ, ಕುಂಬಾ ಅನ್ನೋ ಕಬ್ಬಿಣದ ಅದಿರಿನ ಕಂಪನಿ ಎರಡರ ಷೇರನ್ನೂ ಮೊದಲು ಆಂಗ್ಲೋದವ್ರು ತಮ್ಮ ಷೇರುದಾರರಿಗೆ ಹಂಚಿ ಬೇರೆ ಮಾಡ್ಬೇಕು ಅಂತ. ಅಲ್ಲಿನ ಗಣಿ ಮಂತ್ರಿ ಮಂತಾಶೆ ಇದು ನಂಗೆ ಇಷ್ಟ ಇಲ್ಲ ಅಂತ ಬಹಿರಂಗವಾಗೇ ಹೇಳಿದ್ರು. ಲಂಡನ್ ರೂಲ್ ಪ್ರಕಾರ 28 ದಿನದಲ್ಲಿ ಪಕ್ಕಾ ಆಫರ್ ಕೊಡು ಇಲ್ಲ ಸುಮ್ನಿರು, ಒಂದು ವಾರ ಜಾಸ್ತಿ ಟೈಮ್ ಕೊಟ್ಟು ನಿನ್ನೆ 29ಕ್ಕೆ ಮುಗೀತು, ಬಿಎಚ್‌ಪಿ ಕೈ ಎತ್ತಿಬಿಡ್ತು. ನಿನ್ನೆನೇ ದಕ್ಷಿಣ ಆಫ್ರಿಕಾದಲ್ಲಿ ವೋಟಿಂಗ್. ಅಷ್ಟು ದೊಡ್ಡ ಕಂಪನಿ, ಲಿಖಿತ ಆಫರ್, ಪೇಪರ್ ತುಂಬ ಸುದ್ದಿ, ಅದೇ ಆಗ್ಲಿಲ್ಲ ಅಂದ್ಮೇಲೆ ಹೆಸರೇ ಹೇಳದ ಟೆಲಿಗ್ರಾಂ ಚಾನೆಲ್ ಮಾತಿಗೆ ಅಡಿಕೆ ದುಡ್ಡು ಹಾಕೋದಾ

ಸಾಗರ ಚಿಕ್ಕಮ್ಮ: ಇದೆಲ್ಲ ನಂಗೆ ಅರ್ಥ ಆಗಲ್ಲ, ಇಲ್ಲಿ ಮಳೆ ಶುರುವಾಗಿ ಕರೆಂಟ್ ಇಲ್ಲ. ಜಗಳ ಮಾಡ್ಕೋಬೇಡಿ

ಮೇ 31, ಶುಕ್ರವಾರ

ನಾನು: ನಿನ್ನೆ ರಾತ್ರಿ ಕೂತು ಬರೀಬೇಕು ಅನ್ಕೊಂಡೆ, ನೆಟ್‌ವರ್ಕ್ ಹೋಯ್ತು. ಭಾವ, ಸಿಟ್ಟು ಮಾಡ್ಕೋಬೇಡಿ, ಆದ್ರೆ ಇದನ್ನ ಹೇಳ್ಲೇಬೇಕು. ಈ ಫಾರ್ವರ್ಡಲ್ಲಿ ಎರಡು ಮಾತು ಒಟ್ಟಿಗೆ ಕಟ್ಟಿದಾರೆ, ಎಲೆಕ್ಷನ್ ಮತ್ತೆ ಟೇಕೋವರ್, ಅಂದ್ರೆ ಕಂಪನಿನೇ ಕೊಂಡುಕೊಳ್ಳೋದು. ಆದ್ರೆ ಸರ್ಕಾರಿ ಕಂಪನಿ ವಿಷಯದಲ್ಲಿ ಎಲೆಕ್ಷನ್ ಬಂದ್ರೆ ಮಾರಾಟ ಹತ್ರ ಬರಲ್ಲ, ದೂರ ಹೋಗ್ತದೆ. ಛತ್ತೀಸಗಢದ ನಗರ್‌ನಾರ್ ಸ್ಟೀಲ್ ಪ್ಲಾಂಟ್ ನೋಡಿ. ಎನ್‌ಎಂಡಿಸಿ ಅನ್ನೋ ಸರ್ಕಾರಿ ಗಣಿ ಕಂಪನಿಯಿಂದ ಬೇರೆ ಮಾಡಿ 2023ರ ಫೆಬ್ರವರಿಯಲ್ಲಿ ಷೇರು ಮಾರ್ಕೆಟಲ್ಲಿ ಲಿಸ್ಟ್ ಮಾಡಿದ್ರು, ಎನ್‌ಎಂಡಿಸಿ ಷೇರು ಇದ್ದವ್ರಿಗೆ ಒಂದಕ್ಕೆ ಒಂದು ಬಂತು. ಸರ್ಕಾರ ತನ್ನ 60.79 ಪರ್ಸೆಂಟಲ್ಲಿ 50.79 ಪರ್ಸೆಂಟ್ ಮಾರ್ತೀನಿ ಅಂತ 2022ರ ಡಿಸೆಂಬರಲ್ಲೇ ಖರೀದಿದಾರರನ್ನ ಕರೆದಿತ್ತು. ಅದಕ್ಕಿಂತ ಪಕ್ಕಾ ಟೇಕೋವರ್ ಸುದ್ದಿ ಬೇಕಾ? ಆಮೇಲೆ 2023ರ ನವೆಂಬರಲ್ಲಿ ಅಲ್ಲಿ ವಿಧಾನಸಭೆ ಎಲೆಕ್ಷನ್. ಅಕ್ಟೋಬರ್ 3ಕ್ಕೆ ಪ್ರಧಾನಿ ಜಗದಲ್‌ಪುರಕ್ಕೆ ಬಂದು ಈ ಪ್ಲಾಂಟ್ ಬಸ್ತರ್ ಜನರದ್ದು ಅಂದ್ರು, ಅದೇ ತಿಂಗಳು ಅಮಿತ್ ಶಾ ಇದನ್ನ ಖಾಸಗಿಗೆ ಕೊಡಲ್ಲ ಅಂತ ಭಾಷಣ ಮಾಡಿದ್ರು. ಮಾರ್ತೀನಿ ಅಂದವ್ರೇ ಮಾರಲ್ಲ ಅಂದ್ರು, ಸರ್ಕಾರ ಬದಲಾಗಿರ್ಲಿಲ್ಲ ನೋಡಿ

ಭದ್ರಾವತಿ ದೊಡ್ಡಪ್ಪ: ಸರಿಯಾಗಿ ಹೇಳ್ದೆ ಮಗಳೇ. 2006ರಲ್ಲೂ ಹಂಗೇ, ನಾಲ್ಕೋ ಅನ್ನೋ ಸರ್ಕಾರಿ ಅಲ್ಯುಮಿನಿಯಂ ಕಂಪನಿ ಮತ್ತೆ ನೈವೇಲಿ ಲಿಗ್ನೈಟ್ ಕಂಪನಿಯ 10 ಪರ್ಸೆಂಟ್ ಮಾರೋಕೆ ಹೊರಟಾಗ ಪಾಲುದಾರ ಪಕ್ಷ ಡಿಎಂಕೆಯವ್ರು ಸರ್ಕಾರ ಬಿಡ್ತೀವಿ ಅಂದ್ರು, ಮನಮೋಹನ್ ಸಿಂಗ್ ಎಲ್ಲಾ ಷೇರು ಮಾರಾಟನೂ ನಿಲ್ಲಿಸಿಬಿಟ್ರು

ಕೊಪ್ಪ ಭಾವ: ಹಂಗಾದ್ರೆ ಹಿಂದೂಸ್ತಾನ್ ಜಿಂಕ್ ಮಾರ್ಲಿಲ್ವಾ? ಬಾಲ್ಕೋ ಮಾರ್ಲಿಲ್ವಾ?

ನಾನು: ಮಾರಿದ್ರು. ಅಲ್ಯುಮಿನಿಯಂ ಮಾಡೋ ಬಾಲ್ಕೋ 51 ಪರ್ಸೆಂಟ್ 2001ರಲ್ಲಿ 551.5 ಕೋಟಿಗೆ, ಹಿಂದೂಸ್ತಾನ್ ಜಿಂಕ್ 26 ಪರ್ಸೆಂಟ್ 2002ರಲ್ಲಿ 445 ಕೋಟಿಗೆ. 2004ರಲ್ಲಿ ಸರ್ಕಾರ ಬದಲಾಯ್ತು, ಲಾಭದ ಕಂಪನಿಗಳನ್ನ ಸಾಮಾನ್ಯವಾಗಿ ಖಾಸಗಿಗೆ ಕೊಡಲ್ಲ ಅಂತ ಹೊಸ ಸರ್ಕಾರ ಬರ್ದು ಇಟ್ಕೊಳ್ತು. ಆ ಮೇ 17ನೇ ತಾರೀಕು ಸೆನ್ಸೆಕ್ಸ್ 11 ಪರ್ಸೆಂಟ್ ಬಿದ್ದು ಟ್ರೇಡಿಂಗ್ ಎರಡು ಸಲ ನಿಲ್ಲಿಸಿದ್ರು. ಜಿಂಕ್‌ನಲ್ಲಿ ಸರ್ಕಾರದ 29.54 ಪರ್ಸೆಂಟ್ ಇವತ್ತಿಗೂ ಉಳ್ಕೊಂಡಿದೆ, ಮಾರ್ತಾರೆ ಮಾರ್ತಾರೆ ಅನ್ನೋ ಮಾತಿಗೆ ಇಪ್ಪತ್ತು ವರ್ಷ ಆಯ್ತು

ಕೊಪ್ಪ ಭಾವ: ಆದ್ರೂ ಒಂದ್ಸಲ ಯಾರಾದ್ರೂ ತಗೊಂಡ್ರೆ ನಮ್ಮ ಹತ್ರನೂ ಅದೇ ರೇಟಿಗೆ ತಗೋಬೇಕಲ್ಲ, ಕಾನೂನು ಇದೆಯಲ್ಲ

ನಾನು: ಕಾನೂನು ಇದೆ, ಅದನ್ನೇ ಸರಿಯಾಗಿ ನೋಡಿ ಅಂತಿರೋದು. ಯಾರಾದ್ರೂ 25 ಪರ್ಸೆಂಟ್ ದಾಟಿದ್ರೆ ಷೇರು ಮಾರ್ಕೆಟ್ ನೋಡ್ಕೊಳ್ಳೋ ಸೆಬಿಯ ರೂಲ್ ಪ್ರಕಾರ ಸಾರ್ವಜನಿಕರ ಹತ್ರ ಇನ್ನು 26 ಪರ್ಸೆಂಟಾದ್ರೂ ಕೊಳ್ತೀವಿ ಅಂತ ಓಪನ್ ಆಫರ್ ಕೊಡ್ಬೇಕು. 26 ಪರ್ಸೆಂಟಿಗೆ, ಎಲ್ಲದಕ್ಕೂ ಅಲ್ಲ. ಎಲ್ಲರೂ ಕೊಡೋಕೆ ಬಂದ್ರೆ ನಿಮ್ಮದ್ರಲ್ಲಿ ಒಂದು ಪಾಲು ಮಾತ್ರ ತಗೊಂಡು ಉಳಿದಿದ್ದು ವಾಪಸ್ ಮಾಡ್ತಾರೆ, ಆ ಉಳಿದಿದ್ದಕ್ಕೆ ಮಾರ್ಕೆಟ್ ಏನು ಕೊಡ್ತದೋ ಅದೇ. ನಮ್ಮ ಮಾವನ ಸೇಸಾ ಗೋವಾದಲ್ಲೇ ಆಗಿದ್ದು ಇದು, 2007ರಲ್ಲಿ ಜಪಾನಿನ ಮಿತ್ಸುಯಿ ತನ್ನ 51 ಪರ್ಸೆಂಟನ್ನ ವೇದಾಂತಕ್ಕೆ 98 ಕೋಟಿ ಡಾಲರ್‌ಗೆ ಮಾರ್ತು, ಆಗಿನ ರೂಲಲ್ಲಿ ಓಪನ್ ಆಫರ್ ಬರೀ 20 ಪರ್ಸೆಂಟಿಗೆ

ತೀರ್ಥಳ್ಳಿ ಅತ್ತೆ: ಹೌದು ಹೌದು, ಆ ಕಾಗದ ಬಂದಿತ್ತು. ಅವ್ರು ಕೊಡಲ್ಲ ಅಂದ್ರು. ಬೀರುವಿನಲ್ಲಿ ಇನ್ನೂ ಇದೆ ಎಲ್ಲ, ಸರ್ಟಿಫಿಕೇಟಿನ ಹಿಂದೆ ಡಿವಿಡೆಂಡ್ ಚೀಟಿ ಪಿನ್ ಮಾಡಿಟ್ಟಿದಾರೆ, ಪಿನ್ನು ತುಕ್ಕು ಹಿಡ್ದು ಕಾಗದದ ಮೇಲೆ ಕಂದು ಕಲೆ ಆಗಿದೆ, ಫೋಲಿಯೋ ನಂಬರ್ ಮೇಲೇ ಬಿದ್ದಿದೆ, ಓದೋಕೆ ಭೂತಗನ್ನಡಿ ಬೇಕು

ನಾನು: ಅತ್ತೆ, ಪಿನ್ ಎಳೀಬೇಡಿ, ಕಾಗದ ಹರೀತದೆ. ಹಂಗೇ ತಗೊಂಡು ಬನ್ನಿ. ಅದನ್ನ ಬೇಗ ಮಾಡ್ಬೇಕು ಅಂತ ನಾನು ಎಷ್ಟು ದಿನದಿಂದ ಹೇಳ್ತಿದೀನಿ, ಏಳು ವರ್ಷ ಸತತವಾಗಿ ಡಿವಿಡೆಂಡ್ ಕ್ಲೇಮ್ ಮಾಡದೇ ಇದ್ರೆ ಷೇರೇ ಐಇಪಿಎಫ್ ಅನ್ನೋ ಸರ್ಕಾರಿ ನಿಧಿಗೆ ಹೋಗ್ತದೆ, ವಾಪಸ್ ತರೋಕೆ ಆಗ್ತದೆ ಆದ್ರೆ ಅಲೆದಾಟ. ಎಲ್ಲರೂ ಇಲ್ಲದ ಟೇಕೋವರ್ ಬಗ್ಗೆ ಎರಡು ದಿನದಿಂದ ಬರೀತಿದೀವಿ, ನಿಜವಾಗಿ ಕೈಯಲ್ಲಿರೋ ಷೇರು ಬೀರುವಿನಲ್ಲಿದೆ

ಜೂನ್ 1, ಶನಿವಾರ

ಕೊಪ್ಪ ಭಾವ: ಎಕ್ಸಿಟ್ ಪೋಲ್ ನೋಡಿದ್ರಾ ಎಲ್ರೂ?? ಸೋಮವಾರ ನೋಡಿ ಮಾರ್ಕೆಟ್

ನಾನು: ನೋಡಿದೆ. ಇನ್ನೊಂದು ವಿಷಯ ಇವತ್ತಿಂದಲೇ ಶುರುವಾಗಿದೆ ಭಾವ. ದೊಡ್ಡ 100 ಲಿಸ್ಟೆಡ್ ಕಂಪನಿಗಳ ಬಗ್ಗೆ ಪೇಪರ್, ಟೀವಿ ತರದ ಮುಖ್ಯ ಮಾಧ್ಯಮದಲ್ಲಿ ಗಾಳಿಸುದ್ದಿ ಬಂದು ರೇಟ್ ಜೋರಾಗಿ ಆಡಿದ್ರೆ 24 ಗಂಟೆ ಒಳಗೆ ಕಂಪನಿ ಹೌದು, ಅಲ್ಲ, ಅಥವಾ ವಿಷಯ ಇಷ್ಟು ಅಂತ ಷೇರು ಎಕ್ಸ್‌ಚೇಂಜಿಗೆ ಹೇಳ್ಬೇಕು. ವಾಟ್ಸಾಪ್, ಟೆಲಿಗ್ರಾಂ ಮಾತಿಗೆ ಆ ರೂಲ್ ಇಲ್ಲ, ಅದಕ್ಕೆ ಯಾರೂ ಉತ್ತರ ಕೊಡ್ಬೇಕಾಗಿಲ್ಲ. ಸುದ್ದಿ ಹಬ್ಬಿಸೋರು ಅಲ್ಲಿ ಹಬ್ಬಿಸೋದು ಅದಕ್ಕೇ. ಮಂಡಿಯಲ್ಲಿ ಭೂತಾನ್ ಅಡಿಕೆ ಬರ್ತಿದೆಯಂತೆ ಅಂದ ಕೂಡ್ಲೆ ಯಾರು ಮಾರ್ತಾರೆ ಯಾರು ಕೊಳ್ತಾರೆ ಅಂತ ನಿಮಗೆ ನಂಗಿಂತ ಚೆನ್ನಾಗಿ ಗೊತ್ತಲ್ಲ

ಕೊಪ್ಪ ಭಾವ: ಅದು ಹೌದು. ಆದ್ರೆ ಎಲೆಕ್ಷನ್ ಗಾಳಿಸುದ್ದಿ ಅಲ್ವಲ್ಲ

ಪರ್ತ್ ಅಣ್ಣ: ಎಲೆಕ್ಷನ್‌ಗಿಂತ ಕೋರ್ಟ್ ದೊಡ್ಡದು ಭಾವ, ನಿಮ್ಮ ಪಕ್ಕದ ಕುದುರೆಮುಖನೇ ನೋಡಿ. ಸರ್ಕಾರದ ಕಂಪನಿ, ಗಣಿ, ಮಂಗಳೂರಿಗೆ ಪೈಪ್‌ಲೈನ್, ಎಲ್ಲ ಇತ್ತು, ಸುಪ್ರೀಂ ಕೋರ್ಟ್ 2005ರ ಕೊನೆಗೆ ಮುಗಿಸಿ ಅಂತು, ಮುಗೀತು. 2011ರ ಜುಲೈ 29ಕ್ಕೆ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದ್ದೂ ಸುಪ್ರೀಂ ಕೋರ್ಟೇ

ನಾನು: ಗೋವಾದಲ್ಲೂ 2018ರಲ್ಲಿ 88 ಲೀಸ್ ಒಂದೇ ತೀರ್ಪಲ್ಲಿ ರದ್ದಾಯ್ತು. ಅತ್ತೆ ಷೇರಿಗೆ ಹೊಡೆತ ಬಿದ್ದಿದ್ದು ಅಂತಾದ್ರಿಂದ, ಯಾವ ಎಕ್ಸಿಟ್ ಪೋಲಲ್ಲೂ ಅದು ಬರಲ್ಲ. ಗಣಿ ಕಂಪನಿ ತಗೊಳ್ಳೋದಾದ್ರೆ ಲೀಸ್ ಯಾವಾಗ ಮುಗೀತದೆ, ಅರಣ್ಯ ಒಪ್ಪಿಗೆ ಎಲ್ಲಿದೆ, ಸಾಲ ಎಷ್ಟು, ಇದನ್ನ ಕೇಳಿ. ಚಾನೆಲ್‌ನವ್ರು ಈ ಮೂರರಲ್ಲಿ ಒಂದಾದ್ರೂ ಹೇಳಿದಾರಾ?

(ಭಾವ ನೋಡಿದಾರೆ, ಉತ್ತರ ಇಲ್ಲ)

ಜೂನ್ 3, ಸೋಮವಾರ

ಕೊಪ್ಪ ಭಾವ: ಸೆನ್ಸೆಕ್ಸ್ 2,500 ಪಾಯಿಂಟ್ ಮೇಲೆ!! 76,468!! ಬೆಳಿಗ್ಗೆನೇ ಸ್ವಲ್ಪ ಹಾಕಿದೆ, ಪೂರ್ತಿ ಹಾಕಿದ್ರೆ ಎಷ್ಟಾಗ್ತಿತ್ತು. ನೀವೆಲ್ಲ ಹೆದ್ರಿಸಿದ್ರಿ

ಪರ್ತ್ ಅಣ್ಣ: ದಕ್ಷಿಣ ಆಫ್ರಿಕಾ ರಿಸಲ್ಟ್ ಬಂತು, 1994ರಿಂದ ಇದೇ ಮೊದಲ ಸಲ ಆಳೋ ಪಕ್ಷ ಎಎನ್‌ಸಿಗೆ ಬಹುಮತ ಇಲ್ಲ, 40 ಪರ್ಸೆಂಟ್ ಅಷ್ಟೇ. ನಾಳೆ ಎಣಿಕೆ ಮುಗಿಯೋವರೆಗೆ ಉಳಿದ ದುಡ್ಡು ಮುಟ್ಬೇಡಿ ಭಾವ

ಜೂನ್ 4, ಮಂಗಳವಾರ

ಭದ್ರಾವತಿ ದೊಡ್ಡಪ್ಪ: ಬಿಜೆಪಿ 240ಕ್ಕೇ ನಿಂತ ಹಾಗಿದೆ, ಅವ್ರಿಗೆ ಒಂಟಿಯಾಗಿ ಬಹುಮತ ಇಲ್ಲ. ಟೀವಿಯಲ್ಲಿ ಮಾರ್ಕೆಟ್ ನೋಡೋಕೆ ಆಗ್ತಿಲ್ಲ. ಕೊಪ್ಪದವ್ರಿಗೆ ಯಾರಾದ್ರೂ ಫೋನ್ ಮಾಡಿ

ನಾನು: ಮಾಡಿದೆ ದೊಡ್ಡಪ್ಪ, ಮಾತಾಡಿದ್ರು. ಸೆನ್ಸೆಕ್ಸ್ 4,389 ಪಾಯಿಂಟ್ ಬಿದ್ದು 72,079ಕ್ಕೆ ಮುಗೀತು, ಹೆಚ್ಚುಕಮ್ಮಿ 6 ಪರ್ಸೆಂಟ್. ಸರ್ಕಾರಿ ಕಂಪನಿಗಳ ಇಂಡೆಕ್ಸ್ ಮಾತ್ರ 16 ಪರ್ಸೆಂಟ್ ಹತ್ರ ಬಿದ್ದಿದೆ. ಸರ್ಕಾರ ಅವ್ರದ್ದೇ ಬರ್ತದೆ, ಆದ್ರೂ ಬಿತ್ತು, ಯಾಕಂದ್ರೆ ಪಾಲುದಾರ ಪಕ್ಷಗಳನ್ನ ಕೇಳಿ ಮಾರಾಟ ಮಾಡ್ಬೇಕಾದ ಸರ್ಕಾರ ಬೇರೆ. ದೊಡ್ಡಪ್ಪ ಹೇಳಿದ 2006ರ ಕಥೆ ಮಾರ್ಕೆಟ್‌ಗೂ ನೆನಪಿದೆ

ಜೂನ್ 5, ಬುಧವಾರ

ಕೊಪ್ಪ ಭಾವ: ಇವತ್ತು 2,300 ಪಾಯಿಂಟ್ ವಾಪಸ್ ಏರಿದೆ. ಈಗ ಏನ್ ಮಾಡ್ಲಿ ಹೇಳು. ಮಾರ್ಲಾ ಇಟ್ಕೊಳ್ಲಾ

ನಾನು: ಯಾವ ಕಾರಣಕ್ಕೆ ತಗೊಂಡ್ರಿ ಭಾವ? ಟೇಕೋವರ್ ಅಂತ. ಹಂಗಾದ್ರೆ ಇಂಡೆಕ್ಸ್ ನೋಡ್ಬೇಡಿ, ಎಕ್ಸ್‌ಚೇಂಜ್ ವೆಬ್‌ಸೈಟಲ್ಲಿ ಕಂಪನಿ ಹೆಸರು ಹಾಕಿ ಘೋಷಣೆ ಇದೆಯಾ ನೋಡಿ. ಖರೀದಿದಾರ ಯಾರು, ಎಷ್ಟು ಪರ್ಸೆಂಟ್, ಯಾವ ರೇಟ್, ಓಪನ್ ಆಫರ್ ತಾರೀಕು ಯಾವುದು, ಇದು ಬರಹದಲ್ಲಿ ಇಲ್ಲದಿದ್ರೆ ಟೇಕೋವರ್ ಇಲ್ಲ ಅಂತಾನೇ ಲೆಕ್ಕ. ಇದ್ರೂ ಕೂಡ ಮುಗೀತು ಅಂತಲ್ಲ. 2020ರಲ್ಲಿ ವೇದಾಂತನ ಅದರ ಮಾಲೀಕರೇ ಡಿಲಿಸ್ಟ್ ಮಾಡೋಕೆ, ಅಂದ್ರೆ ಎಲ್ಲರ ಷೇರು ಕೊಂಡು ಮಾರ್ಕೆಟಿಂದ ಹೊರಗೆ ತೆಗೆಯೋಕೆ ಹೊರಟಾಗ ಕನಿಷ್ಠ ಬೆಲೆ 87.25, ಎಲ್‌ಐಸಿ 320 ಕೇಳ್ತು, 134 ಕೋಟಿ ಷೇರು ಬೇಕಿತ್ತು, 125 ಕೋಟಿ ಚಿಲ್ಲರೆ ಬಂತು, ಅಲ್ಲಿಗೆ ಫೇಲು. 320 ಬರ್ತದೆ ಅಂತ ಕಾದವ್ರಿಗೆ ಷೇರು ವಾಪಸ್ ಬಂತು, ರೇಟ್ ಕೆಳಗೆ ಹೋಯ್ತು. ಘೋಷಣೆ ಏನೂ ಇಲ್ಲದಿದ್ರೆ ಹಾಕಿದ್ದರಲ್ಲಿ ಎಷ್ಟು ಸಿಗ್ತದೋ ಅಷ್ಟು ತೆಗೀರಿ, ಮಳೆ ಹಿಡಿಯೋಕೆ ಮೊದ್ಲು ತೋಟಕ್ಕೆ ಮೈಲುತುತ್ತ ಬೇಕಲ್ಲ

ಕೊಪ್ಪ ಭಾವ: ನೋಡಿದೆ. ಏನೂ ಇಲ್ಲ. ಚಾನೆಲಲ್ಲಿ ಇವತ್ತು ಬೇರೆ ಕಂಪನಿ ಹೆಸರು ಹಾಕಿದಾರೆ. ನಾಳೆ ಮಾರ್ತೀನಿ

ತೀರ್ಥಳ್ಳಿ ಅತ್ತೆ: ನಂದು ಮಾರ್ಬೇಕಾ ಪುಟ್ಟಿ

ನಾನು: ಬೇಡ ಅತ್ತೆ, ಈಗ ಮಾರೋಕೆ ಆಗೋದೂ ಇಲ್ಲ, ಕಾಗದದಲ್ಲಿರೋದನ್ನ ಮೊದಲು ನಿಮ್ಮ ಹೆಸರಿಗೆ ಮಾಡ್ಸಿ ಡಿಮ್ಯಾಟ್‌ಗೆ, ಅಂದ್ರೆ ಕಾಗದ ಇಲ್ಲದ ಷೇರು ಖಾತೆಗೆ ಹಾಕ್ಬೇಕು. ಮಾವನ ಮರಣ ಪತ್ರ, ಒರಿಜಿನಲ್ ಸರ್ಟಿಫಿಕೇಟ್, ನಿಮ್ಮ ಪ್ಯಾನ್, ಆಧಾರ್, ಒಂದು ಕ್ಯಾನ್ಸಲ್ ಮಾಡಿದ ಚೆಕ್. ನಾಮಿನಿ ಯಾರು ಅಂತನೂ ಯೋಚ್ನೆ ಮಾಡ್ಕೊಂಡು ಬನ್ನಿ. ಶನಿವಾರ ಬೆಳಿಗ್ಗೆ ಬಸ್ಸಿಗೆ ಹೊರಡಿ, ಸ್ಟ್ಯಾಂಡಿಗೆ ನಾನೇ ಬರ್ತೀನಿ

ತೀರ್ಥಳ್ಳಿ ಅತ್ತೆ: ಸರಿ. ಕೊಪ್ಪದವ್ರೂ ಬರ್ಲಿ, ಅವ್ರ ಹತ್ರ ಕಾರ್ ಇದೆ

ಕೊಪ್ಪ ಭಾವ: ಬರ್ತೀನಿ ಅತ್ತೆ, ಏಳು ಗಂಟೆಗೆ ರೆಡಿ ಇರಿ